ಕೈಹೊಲಿಗೆಯ ಕೌದಿ ವಾಲ್ ಹ್ಯಾಂಗಿಂಗ್ ಸೊಟ್ಟಗಾದಲ್ಲಿ ಸರಿಪಡಿಸುವ ವಿಧಾನ: ಕುಶಲಕರ್ಮಿಗಳಿಗೆ ಹಾಗೂ ಸ್ವಸಹಾಯ ಸಂಘಗಳಿಗೆ ಮಾಹಿತಿ

ಪೀಠಿಕೆ

ಕರಕುಶಲ ವಸ್ತುಗಳ ಮಾರಾಟ ಮಳಿಗೆ, ಮೇಳ, ತರಬೇತಿ ಹಾಗೂ ಗುರುತಿನ ಚೀಟಿ ಮುಂತಾದ ಸೌಲಭ್ಯಗಳನ್ನು ಕೋರಿ ಅರ್ಜಿ ಸಲ್ಲಿಸುವ ಮಹಿಳೆಯರಲ್ಲಿ ಕೌದಿ ಹೊಲಿಯುವವರೂ ಇದ್ದಾರೆ. ಹಾಸಿಗೆಯ ಮೇಲೆ ಹಾಸುವ ಕೌದಿಯ ಜೊತೆಗೆ ಗೋಡೆಗೆ ತೂಗುಹಾಕುವ ಕೌದಿಯನ್ನು, ಅಂದರೆ ವಾಲ್ ಹ್ಯಾಂಗಿಂಗ್ ಅನ್ನು ಸಹ ಇವರು ಸಿದ್ಧಪಡಿಸುತ್ತಾರೆ. ಹಲವು ವಾರಗಳ ಕೈಕೆಲಸದ ನಂತರ ಗೋಡೆಗೆ ತೂಗುಹಾಕಿ ನೋಡಿದಾಗ ಒಂದು ಬದಿ ಇಳಿದಿರುವುದು, ಅಂಚು ಅಲೆಯಂತೆ ಏಳುವುದು ಅಥವಾ ಮೂಲೆಗಳು ಮಟ್ಟ ತಪ್ಪಿರುವುದು ಕಂಡುಬಂದಲ್ಲಿ ಕೊಳ್ಳುವವರು ಅದನ್ನು ಹಿಂದಿರುಗಿಸುತ್ತಾರೆ ಅಥವಾ ಬೆಲೆ ಇಳಿಸುವಂತೆ ಕೇಳುತ್ತಾರೆ. ಅನೇಕರು ಅಂತಹ ವಸ್ತುವನ್ನು ಕೆಟ್ಟುಹೋಯಿತೆಂದು ಭಾವಿಸಿ ಪೆಟ್ಟಿಗೆಯಲ್ಲಿಡುತ್ತಾರೆ ಅಥವಾ ಪೂರ್ತಿ ಬಿಚ್ಚಿಬಿಡುತ್ತಾರೆ. ಇವೆರಡೂ ಬಹುತೇಕ ಸಂದರ್ಭಗಳಲ್ಲಿ ಅನಗತ್ಯ. ಸೊಟ್ಟಗಾದ ಕೌದಿಯನ್ನು ಬಿಚ್ಚದೆಯೇ ಸರಿಪಡಿಸುವ ವಿಧಾನಗಳಿವೆ. ಸದರಿ ವಿಧಾನಗಳನ್ನು ಕುಶಲಕರ್ಮಿಗಳ ತಿಳಿವಳಿಕೆಗಾಗಿ ಕೆಳಗೆ ವಿವರಿಸಲಾಗಿದೆ.

1. ಕೌದಿ ಹಾಸಿಗೆಯಿಂದ ಗೋಡೆಗೇರಿದಾಗ

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ ಮುಂತಾದ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಹಳೆಯ ಸೀರೆ, ಧೋತರ ಹಾಗೂ ಉಳಿದ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಸಾಲು ಹೊಲಿಗೆಯಿಂದ ಕೌದಿ ಸಿದ್ಧಪಡಿಸುವುದು ಬಹುಕಾಲದ ರೂಢಿ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಹಾಗೂ ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಮಹಿಳೆಯರು ಇದೇ ಬಗೆಯ ಆದರೆ ತಮ್ಮದೇ ಕ್ರಮವುಳ್ಳ ಕವಂದಿಯನ್ನು ಹೊಲಿಯುತ್ತಾರೆ.

ಹಾಸುವ ಹಾಗೂ ಹೊದೆಯುವ ಕೌದಿಯಲ್ಲಿ ಒಂದೆರಡು ಅಂಗುಲದ ವ್ಯತ್ಯಾಸವು ಯಾರ ಗಮನಕ್ಕೂ ಬರುವುದಿಲ್ಲ. ಮೈಮೇಲೆ ಬಿದ್ದ ಬಟ್ಟೆಗೆ ಮೂಲೆಮಟ್ಟದ ಅಗತ್ಯವೂ ಇಲ್ಲ. ಆದ್ದರಿಂದಲೇ ಮೊಳ, ಗೇಣು, ಬೆರಳುಗಳ ಅಳತೆಯಲ್ಲಿ ಹೊಲಿದ ಕೌದಿ ತಲೆಮಾರುಗಳ ಕಾಲ ಯಾವ ತೊಂದರೆಯೂ ಇಲ್ಲದೆ ಬಳಕೆಯಾಗಿದೆ. ಅದೇ ಕೌದಿ ಗೋಡೆಗೇರಿದಾಗ ಪಕ್ಕದಲ್ಲಿಯೇ ಬಾಗಿಲ ಚೌಕಟ್ಟು, ಕಿಟಕಿಯ ಅಂಚು ಹಾಗೂ ಸೂರಿನ ಗೆರೆ ಇರುತ್ತವೆ. ನೇರ ಗೆರೆಯ ಪಕ್ಕದಲ್ಲಿ ಅರ್ಧ ಅಂಗುಲದ ಓರೆಯೂ ಕಣ್ಣಿಗೆ ಬೀಳುತ್ತದೆ. ಆದುದರಿಂದ ಇದನ್ನು ಹೊಲಿಯುವವರ ಕೈಯ ದೋಷವೆಂದು ತಿಳಿಯಬಾರದು; ವಸ್ತುವಿನ ಉಪಯೋಗ ಬದಲಾದುದರಿಂದ ಅಳತೆಯ ಕ್ರಮವೂ ಬದಲಾಗಬೇಕಾಗಿದೆ ಎಂದು ತಿಳಿಯತಕ್ಕದ್ದು.

2. ಮೊದಲು ಅಳೆಯುವುದು

ದುರಸ್ತಿಗೆ ಕೈಹಾಕುವ ಮೊದಲು ಕೌದಿ ನಿಜವಾಗಿಯೂ ಸೊಟ್ಟಗಿದೆಯೇ, ಇದ್ದಲ್ಲಿ ಯಾವ ರೀತಿಯಲ್ಲಿ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ತೂಗುಹಾಕಿದ ಸ್ಥಿತಿಯಲ್ಲಿ ಅಳೆಯಬಾರದು. ಸಮತಟ್ಟಾದ ನೆಲದ ಮೇಲೆ ಎಳೆಯದೆ, ಕೈಯಿಂದ ಸವರಿ ಹರಡಿ ಅಳೆಯಬೇಕು. ಹಳೆಯ ಬಟ್ಟೆಯ ಟೇಪು ಕಾಲಕ್ರಮದಲ್ಲಿ ಹಿಗ್ಗಿರುವ ಸಾಧ್ಯತೆ ಇರುವುದರಿಂದ ಉಕ್ಕಿನ ಟೇಪನ್ನು ಬಳಸುವುದು ಸೂಕ್ತ. ಇಡೀ ಕೆಲಸಕ್ಕೆ ಒಂದೇ ಟೇಪು ಇರತಕ್ಕದ್ದು.

ಕೆಳಕಂಡ ಎಂಟು ಅಳತೆಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು:

(ಅ) ಅಗಲ: ಮೇಲ್ಭಾಗ, ನಡುಭಾಗ, ಕೆಳಭಾಗ (ಮೂರು ಅಳತೆ)
(ಆ) ಉದ್ದ: ಎಡಭಾಗ, ನಡುಭಾಗ, ಬಲಭಾಗ (ಮೂರು ಅಳತೆ)
(ಇ) ಕರ್ಣ: ಮೂಲೆಯಿಂದ ಎದುರು ಮೂಲೆಗೆ (ಎರಡು ಅಳತೆ)

ಮೂರು ಅಗಲಗಳು ಒಂದಕ್ಕೊಂದು ಸಮನಾಗಿದ್ದು, ಮೂರು ಉದ್ದಗಳೂ ಸಮನಾಗಿದ್ದು, ಎರಡು ಕರ್ಣಗಳೂ ಸಮನಾಗಿದ್ದಲ್ಲಿ ಕೌದಿಯ ನಾಲ್ಕೂ ಮೂಲೆಗಳು ಮಟ್ಟದಲ್ಲಿವೆ. ಅಂತಹ ಕೌದಿ ಗೋಡೆಯ ಮೇಲೆ ಸೊಟ್ಟಗೆ ಕಂಡರೆ ದೋಷವಿರುವುದು ತೂಗುವ ಕೋಲಿನಲ್ಲಿ ಅಥವಾ ಮೊಳೆಯಲ್ಲಿಯೇ ಹೊರತು ಹೊಲಿಗೆಯಲ್ಲಲ್ಲ.

ಅಳತೆಗಳು ವ್ಯತ್ಯಾಸವಾಗಿದ್ದಲ್ಲಿ ಅವುಗಳನ್ನು ಹೀಗೆ ಅರ್ಥೈಸಿಕೊಳ್ಳಬೇಕು:

- ಬದಿಗಳು ಸಮನಾಗಿದ್ದು ಕರ್ಣಗಳು ಮಾತ್ರ ಬೇರೆಯಾಗಿದ್ದಲ್ಲಿ ಕೌದಿ ಒಂದು ಬದಿಗೆ ವಾಲಿದೆ.
- ಮೇಲ್ಭಾಗದ ಅಗಲಕ್ಕೂ ಕೆಳಭಾಗದ ಅಗಲಕ್ಕೂ ವ್ಯತ್ಯಾಸವಿದ್ದಲ್ಲಿ ಒಂದು ತುದಿ ಹರಡಿದೆ ಅಥವಾ ಕುಗ್ಗಿದೆ. ಇಂತಹ ಕೌದಿಯಲ್ಲಿ ಕರ್ಣಗಳು ಸಮನಾಗಿರಲೂಬಹುದು. ಆದ್ದರಿಂದ ಕರ್ಣವನ್ನು ಮಾತ್ರ ಅಳೆದು ನಿರ್ಧರಿಸಬಾರದು.
- ಅಂಚಿನ ಗುಂಟ ಅಳೆದ ಅಳತೆ ನಡುಭಾಗದ ಅಳತೆಗಿಂತ ಹೆಚ್ಚಾಗಿದ್ದಲ್ಲಿ ಅಂಚು ಅಲೆಯಂತೆ ಏಳುತ್ತದೆ.
- ನಡುಭಾಗದ ಅಳತೆ ಅಂಚಿನ ಅಳತೆಗಿಂತ ಹೆಚ್ಚಾಗಿದ್ದಲ್ಲಿ ನಡುವೆ ಉಬ್ಬು ಬರುತ್ತದೆ.

ಉದಾಹರಣೆ: 3 ಅಡಿ ಅಗಲ, 4 ಅಡಿ ಉದ್ದದ ಕೌದಿಯ ಕರ್ಣವು ಸರಿಯಾಗಿ 5 ಅಡಿ ಇರಬೇಕು, ಅಂಗುಲಗಳಲ್ಲಿ 36, 48 ಹಾಗೂ 60. ಗಾರೆ ಕೆಲಸದವರು ಪಾಯದ ಮೂಲೆ ಹಿಡಿಯಲು ಬಳಸುವ 3, 4, 5ರ ಲೆಕ್ಕವೇ ಇದು. ಒಂದು ಕರ್ಣ 61 ಅಂಗುಲ, ಮತ್ತೊಂದು 59 ಅಂಗುಲ ಬಂದಲ್ಲಿ ಕೌದಿಯ ಮೇಲ್ಭಾಗವು ಕೆಳಭಾಗಕ್ಕಿಂತ ಸುಮಾರು ಒಂದೂವರೆ ಅಂಗುಲಕ್ಕೂ ಹೆಚ್ಚು ಪಕ್ಕಕ್ಕೆ ಸರಿದಿದೆ ಎಂದರ್ಥ. 36 ಅಂಗುಲದ ಚೌಕಾಕಾರದ ಕೌದಿಯ ಕರ್ಣವು ಸುಮಾರು 51 ಅಂಗುಲ ಇರಬೇಕು.

3. ಸೊಟ್ಟಗಾಗಲು ಕಾರಣಗಳು

ಕಾರಣ ತಿಳಿಯದೆ ಮಾಡಿದ ದುರಸ್ತಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಇಂತಿವೆ:

3.1 ಬಟ್ಟೆಯ ಎಳೆ: ನೇಯ್ದ ಬಟ್ಟೆಯು ಹಾಸಿನ ದಿಕ್ಕಿನಲ್ಲಿ ಅತಿ ಕಡಿಮೆ, ಹೊಕ್ಕಿನ ದಿಕ್ಕಿನಲ್ಲಿ ಸ್ವಲ್ಪ ಹಾಗೂ ಓರೆಯಾಗಿ ಎಳೆದಾಗ ಅತಿ ಹೆಚ್ಚು ಹಿಗ್ಗುತ್ತದೆ. ದರ್ಜಿಗಳು ಕ್ರಾಸ್ ಎಂದು ಕರೆಯುವ ಓರೆ ತುಂಡುಗಳು ಅಂಚಿಗೆ ಬಂದಲ್ಲಿ, ಹೊಲಿಯುವಾಗಲೇ ಆ ಅಂಚು ಉದ್ದವಾಗುತ್ತದೆ.

3.2 ಹೊಲಿಗೆಯ ಬಿಗಿ: ಸಾಲು ಹೊಲಿಗೆಯು ಬಟ್ಟೆಯನ್ನು ಸ್ವಲ್ಪ ಕುಗ್ಗಿಸುತ್ತದೆ. ನಡುವೆ ಹೊಲಿಗೆ ದಟ್ಟವಾಗಿದ್ದು ಅಂಚಿನಲ್ಲಿ ವಿರಳವಾಗಿದ್ದರೆ ಅಂಚು ಸಡಿಲವಾಗಿ ಉಳಿಯುತ್ತದೆ. ಸಂಘದಲ್ಲಿ ನಾಲ್ಕಾರು ಮಂದಿ ಸೇರಿ ಒಂದೇ ಕೌದಿ ಹೊಲಿಯುವಾಗ ಒಬ್ಬರ ಕೈ ಬಿಗಿ, ಮತ್ತೊಬ್ಬರ ಕೈ ಸಡಿಲ ಇರುವುದು ಸಹಜ. ಇದಕ್ಕಾಗಿ ಕೊನೆಯಲ್ಲಿ ಅಂಚು ಕಟ್ಟಿದವರನ್ನು ದೂಷಿಸುವುದು ಸರಿಯಲ್ಲ.

3.3 ಒಂದೇ ದಿಕ್ಕಿನ ಸಾಲು: ಎಲ್ಲ ಸಾಲುಗಳನ್ನೂ ಎಡದಿಂದಲೇ ಆರಂಭಿಸಿ ಬಲಕ್ಕೆ ಮುಗಿಸಿದಲ್ಲಿ ಮೇಲಿನ ಪದರವು ಪ್ರತಿ ಸಾಲಿನಲ್ಲಿಯೂ ಒಂದೇ ಕಡೆಗೆ ಕೂದಲೆಳೆಯಷ್ಟು ಸರಿಯುತ್ತದೆ. ನೂರು ಸಾಲು ಮುಗಿಯುವ ವೇಳೆಗೆ ಇಡೀ ಕೌದಿ ವಾಲಿರುತ್ತದೆ.

3.4 ಅಳೆಯದೆ ಹಚ್ಚಿದ ಅಂಚುಪಟ್ಟಿ: ಉದ್ದನೆಯ ಪಟ್ಟಿಯನ್ನು ಅಂಚಿಗೆ ಇಟ್ಟು ಹೊಲಿಯುತ್ತಾ ಹೋಗಿ ತುದಿಯಲ್ಲಿ ಉಳಿದುದನ್ನು ಕತ್ತರಿಸುವುದು ರೂಢಿ. ಹೀಗೆ ಮಾಡಿದಾಗ ಎದುರುಬದುರಿನ ಎರಡು ಪಟ್ಟಿಗಳು ಸಮನಾಗಿರುವುದಿಲ್ಲ.

3.5 ಹಳತು ಹೊಸತರ ಮಿಶ್ರಣ: ಹತ್ತಾರು ಬಾರಿ ಒಗೆದ ಹತ್ತಿ ಸೀರೆ ಮತ್ತೆ ಕುಗ್ಗುವುದಿಲ್ಲ, ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಪಾಲಿಯೆಸ್ಟರ್ ಬಹುಮಟ್ಟಿಗೆ ಕುಗ್ಗುವುದಿಲ್ಲ. ಇವು ಮೂರೂ ಒಂದೇ ಕೌದಿಯಲ್ಲಿದ್ದು ನೀರು ತಗುಲಿದಾಗ ಆಕಾರ ಬದಲಾಗುತ್ತದೆ.

4. ಸರಿಪಡಿಸುವ ವಿಧಾನಗಳು

ಕಡಿಮೆ ಹಾನಿಯ ವಿಧಾನವನ್ನು ಮೊದಲು, ಕತ್ತರಿ ಬಳಸುವ ವಿಧಾನವನ್ನು ಕೊನೆಗೆ ಪ್ರಯತ್ನಿಸುವುದು ಮೂಲ ನಿಯಮ. ನೆನೆಸಿ ಎಳೆದದ್ದು ಫಲಿಸದಿದ್ದಲ್ಲಿ ಮತ್ತೊಮ್ಮೆ ಮಾಡಬಹುದು. ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗುವುದಿಲ್ಲ.

4.1 ನೀರು ಚಿಮುಕಿಸಿ ಎಳೆದು ಒಣಗಿಸುವುದು

ವಾಲಿದ ಕೌದಿಗೆ ಇದು ಮೊದಲ ಚಿಕಿತ್ಸೆ. ತೇವಗೊಂಡ ಹತ್ತಿ ಬಟ್ಟೆಯನ್ನು ಬೇಕಾದ ಆಕಾರಕ್ಕೆ ಎಳೆದು ಹಾಗೆಯೇ ಒಣಗಿಸಿದಾಗ ಅದು ಆ ಆಕಾರದಲ್ಲಿ ನಿಲ್ಲುತ್ತದೆ. ಕ್ರಮ ಈ ಕೆಳಗಿನಂತಿದೆ:

(ಅ) ಬಣ್ಣದ ಪರೀಕ್ಷೆ: ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಕೌದಿಯ ಪ್ರತಿಯೊಂದು ಬಣ್ಣದ ಮೇಲೂ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಬಿಳಿ ಬಟ್ಟೆಗೆ ಬಣ್ಣ ಹತ್ತಿದಲ್ಲಿ ಈ ವಿಧಾನವನ್ನು ಕೈಬಿಡತಕ್ಕದ್ದು. ಕಡುಗೆಂಪು ಹಾಗೂ ಕಪ್ಪು ಬಟ್ಟೆಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ರೇಷ್ಮೆಯ ತುಂಡುಗಳಿರುವ ಕೌದಿಯನ್ನು ನೆನೆಸಬಾರದು.

(ಆ) ನೆಲ ಸಿದ್ಧಪಡಿಸುವುದು: ದಪ್ಪ ರಟ್ಟು ಅಥವಾ ಫೋಮ್ ಹಾಳೆಯನ್ನು ಹಾಸಿ ಅದರ ಮೇಲೆ ತೆಳು ಪ್ಲಾಸ್ಟಿಕ್, ಅದರ ಮೇಲೆ ಬಿಳಿಯ ಹಳೆಯ ಪಂಚೆ ಹಾಸಬೇಕು. ಬೇಕಾದ ಅಳತೆಯ ಆಯತವನ್ನು ದಾರ ಕಟ್ಟಿ ಗುರುತಿಸಿಕೊಳ್ಳಬೇಕು. ಮೂಲೆ ಹಿಡಿಯಲು ಬಡಗಿಯ ಮೂಲೆಮಟ್ಟವನ್ನು ಬಳಸಬಹುದು. ಟೈಲ್ಸ್ ಹಾಕಿದ ನೆಲವಿದ್ದಲ್ಲಿ ಟೈಲ್ಸ್‌ಗಳ ಸಂದಿನ ಗೆರೆಗಳೇ ಸಾಕು. ದಾರದ ಆಯತದ ಎರಡೂ ಕರ್ಣಗಳನ್ನು ಅಳೆದು ಸಮನಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.

(ಇ) ತೇವ ಮಾಡುವುದು: ಕೌದಿಯನ್ನು ಹರಡಿ ಎರಡೂ ಮಗ್ಗುಲಿಗೆ ಸಮನಾಗಿ ನೀರು ಚಿಮುಕಿಸಬೇಕು. ಒಳಪದರಗಳಿಗೂ ತೇವ ತಲುಪಬೇಕು. ಹಿಂಡಬಾರದು, ನೀರು ಹೆಚ್ಚಾದಲ್ಲಿ ಒಣ ಟವೆಲ್‌ನಲ್ಲಿ ಸುತ್ತಿ ಒತ್ತಬೇಕು.

(ಈ) ಎಳೆಯುವುದು: ಚಿಕ್ಕದಾಗಿರುವ ಕರ್ಣದ ಎರಡು ಮೂಲೆಗಳನ್ನು ಇಬ್ಬರು ಹಿಡಿದು ನಿಧಾನವಾಗಿ, ಜರ್ಕು ಕೊಡದೆ ಎಳೆಯಬೇಕು. ಉದ್ದನೆಯ ಕರ್ಣವು ತಾನಾಗಿಯೇ ಕುಗ್ಗುತ್ತದೆ. ಹೊಲಿಗೆ ಚಿಟಚಿಟ ಸದ್ದು ಮಾಡಿದಲ್ಲಿ ಕೂಡಲೇ ನಿಲ್ಲಿಸಬೇಕು.

(ಉ) ಪಿನ್ನು ಹಾಕುವುದು: ಮೊದಲು ನಾಲ್ಕು ಬದಿಗಳ ನಡುಬಿಂದು, ನಂತರ ನಾಲ್ಕು ಮೂಲೆ, ಆಮೇಲೆ ಅವುಗಳ ನಡುವೆ ಒಂದು ಅಥವಾ ಎರಡು ಅಂಗುಲಕ್ಕೊಂದರಂತೆ ದಾರದ ಗೆರೆಯ ಗುಂಟ ಗುಂಡುಸೂಜಿ ಚುಚ್ಚಬೇಕು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಗುಂಡುಸೂಜಿಯನ್ನೇ ಬಳಸತಕ್ಕದ್ದು. ತುಕ್ಕಿನ ಕಲೆ ಹೋಗುವುದಿಲ್ಲ.

(ಊ) ಒಣಗಿಸುವುದು: ಫ್ಯಾನಿನ ಗಾಳಿಯಲ್ಲಿ, ನೆರಳಿನಲ್ಲಿ ಪೂರ್ತಿ ಒಣಗುವವರೆಗೆ ಪಿನ್ನು ತೆಗೆಯಬಾರದು. ಕೌದಿಯಲ್ಲಿ ಬಟ್ಟೆಯ ಪದರಗಳು ಹೆಚ್ಚಿರುವುದರಿಂದ ಎರಡು ದಿನ ಹಿಡಿಯಬಹುದು. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ. ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುವ ಸಂಭವವಿದ್ದು, ಒಣ ಹವೆಯ ದಿನಗಳಲ್ಲಿ ಈ ಕೆಲಸ ಕೈಗೊಳ್ಳುವುದು ಉತ್ತಮ.

ಮೂರು ನಾಲ್ಕು ಅಡಿಯ ಕೌದಿಯಲ್ಲಿ ಕರ್ಣಗಳ ನಡುವೆ ಒಂದು ಅಂಗುಲದವರೆಗಿನ ವ್ಯತ್ಯಾಸವು ಈ ವಿಧಾನದಿಂದ ಸಾಮಾನ್ಯವಾಗಿ ಸರಿಯಾಗುತ್ತದೆ. ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದಲ್ಲಿ ಎರಡು ಬಾರಿ ಮಾಡಬೇಕಾಗಬಹುದು ಹಾಗೂ ಉಳಿದುದನ್ನು ಬೇರೆ ವಿಧಾನದಿಂದ ಸರಿಪಡಿಸಬೇಕಾಗುತ್ತದೆ. ಪಾಲಿಯೆಸ್ಟರ್ ಬಟ್ಟೆಯಲ್ಲಿ ಫಲಿತಾಂಶ ಕಡಿಮೆ. ಮತ್ತೆ ಒಗೆದಲ್ಲಿ ಕೌದಿ ಹಿಂದಿನ ಆಕಾರಕ್ಕೆ ಮರಳುವ ಸಾಧ್ಯತೆ ಇರುವುದರಿಂದ, ಒಗೆಯದೆ ಧೂಳು ಮಾತ್ರ ಕೊಡವುವಂತೆ ಕೊಳ್ಳುವವರಿಗೆ ತಿಳಿಸಬೇಕು.

4.2 ಅಲೆಯಂತೆ ಏಳುವ ಅಂಚನ್ನು ಕುಗ್ಗಿಸುವುದು

ಅಂಚು ನಡುಭಾಗಕ್ಕಿಂತ ಉದ್ದವಾಗಿದ್ದಲ್ಲಿ ಎಳೆಯುವುದರಿಂದ ಪ್ರಯೋಜನವಿಲ್ಲ; ಕುಗ್ಗಿಸಬೇಕು. ಮೊದಲು ಅಂಚಿನ ಪಟ್ಟಿಯನ್ನು ಬಿಚ್ಚಬೇಕು. ಅಂಚಿನಿಂದ ಕಾಲು ಅಂಗುಲದೊಳಗೆ ಗಟ್ಟಿ ದಾರದಿಂದ ಕಚ್ಚಾ ಹೊಲಿಗೆ ಹಾಕಿ, ದಾರವನ್ನು ನಿಧಾನವಾಗಿ ಎಳೆದು ಅಂಚಿನ ಉದ್ದವನ್ನು ನಡುಭಾಗದ ಅಳತೆಗೆ ತರಬೇಕು. ಸಡಿಲವು ಒಂದೇ ಕಡೆ ನೆರಿಗೆಯಾಗದಂತೆ ಬೆರಳಿನಿಂದ ಹಂಚಬೇಕು. ಹತ್ತಿ ಬಟ್ಟೆಯಾದಲ್ಲಿ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜದೆ, ಎತ್ತಿ ಎತ್ತಿ ಒತ್ತಬೇಕು.

ನಂತರ ಹೊಸ ಪಟ್ಟಿ ಹಚ್ಚಬೇಕು. ಪಟ್ಟಿಯನ್ನು ನೇರ ಎಳೆಯಲ್ಲಿಯೇ ಕತ್ತರಿಸತಕ್ಕದ್ದು. ಕ್ರಾಸ್ ಪಟ್ಟಿ ಹಿಗ್ಗುವುದರಿಂದ ಅಂಚು ಮತ್ತೆ ಅಲೆಯಾಗುತ್ತದೆ. ನಡುಭಾಗದ ಅಳತೆಗೆ ಮಡಿಕೆಗೆ ಬೇಕಾದ ಒಂದು ಅಂಗುಲ ಸೇರಿಸಿ ಪಟ್ಟಿಯನ್ನು ಮೊದಲೇ ಕತ್ತರಿಸಿಟ್ಟುಕೊಂಡು, ಕೌದಿಯ ಅಂಚನ್ನು ಪಟ್ಟಿಯ ಅಳತೆಗೆ ಹೊಂದಿಸಿ ಹೊಲಿಯಬೇಕು. ಎದುರುಬದುರಿನ ಪಟ್ಟಿಗಳು ಒಂದೇ ಅಳತೆಯಲ್ಲಿರಬೇಕು.

4.3 ಉಬ್ಬಿದ ನಡುಭಾಗಕ್ಕೆ ಹೆಚ್ಚುವರಿ ಹೊಲಿಗೆ

ನಡುವೆ ಉಬ್ಬು ಇದ್ದಲ್ಲಿ ಅಲ್ಲಿ ಹೊಲಿಗೆಯ ಸಾಲುಗಳು ವಿರಳವಾಗಿರುತ್ತವೆ. ಹಳೆಯ ಎರಡು ಸಾಲುಗಳ ನಡುವೆ ಮತ್ತೊಂದು ಸಾಲು ಸೇರಿಸಿದಲ್ಲಿ ಬಟ್ಟೆ ಕುಗ್ಗಿ ಸಮವಾಗುತ್ತದೆ. ಒಂದು ಸಾಲನ್ನು ಎಡದಿಂದ, ಮುಂದಿನದನ್ನು ಬಲದಿಂದ ಹೊಲಿಯಬೇಕು. ನಾಲ್ಕೈದು ಸಾಲುಗಳಿಗೊಮ್ಮೆ ಅಳೆದು ನೋಡಬೇಕು. ಅಂಚು ಸಡಿಲವಿದ್ದಲ್ಲಿ ಇದೇ ಕ್ರಮವನ್ನು ಅಂಚಿಗೆ ಅನ್ವಯಿಸಬಹುದು.

4.4 ಅಂಚನ್ನು ಕತ್ತರಿಸಿ ಮಟ್ಟ ಮಾಡುವುದು

ಮೇಲಿನ ವಿಧಾನಗಳ ನಂತರವೂ ಓರೆ ಉಳಿದಿದ್ದು, ಸುತ್ತಲಿನ ಅಂಚು ಸಾಕಷ್ಟು ಅಗಲವಿದ್ದಲ್ಲಿ ಮಾತ್ರ ಈ ವಿಧಾನ ಅನುಸರಿಸಬೇಕು. ಪಟ್ಟಿ ಬಿಚ್ಚಿದ ನಂತರ ನಡುವಿನ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ದರ್ಜಿಗಳ ಸೀಮೆಸುಣ್ಣದಿಂದ ನಾಲ್ಕು ಗೆರೆ ಎಳೆಯಬೇಕು. ಕರ್ಣಗಳನ್ನು ಮತ್ತೊಮ್ಮೆ ಅಳೆಯಬೇಕು. ಗೆರೆಯ ಒಳಭಾಗದಲ್ಲಿ, ಗೆರೆಗೆ ಹತ್ತಿರವಾಗಿ ಸುತ್ತಲೂ ಒಂದು ಬಿಗಿ ಹೊಲಿಗೆ ಹಾಕಿದ ನಂತರವೇ ಕತ್ತರಿಸಬೇಕು. ಹಾಗೆ ಮಾಡದಿದ್ದಲ್ಲಿ ಕತ್ತರಿಸಿದ ಕಡೆಯಿಂದ ಸಾಲು ಹೊಲಿಗೆಗಳು ಬಿಚ್ಚಿಕೊಳ್ಳುತ್ತವೆ. ಈ ಹೊಲಿಗೆಯು ಹೊಸ ಪಟ್ಟಿಯ ಒಳಗೆ ಮರೆಯಾಗುತ್ತದೆ. ಒಂದೇ ಬದಿಯಿಂದ ಹೆಚ್ಚು ತೆಗೆದಲ್ಲಿ ಅಂಚಿನ ಅಗಲ ಏರುಪೇರಾಗಿ ದೋಷವು ಮತ್ತೊಂದು ರೂಪದಲ್ಲಿ ಕಾಣುತ್ತದೆ. ಆದ್ದರಿಂದ ಎರಡೂ ಬದಿಗೆ ಹಂಚಿ ಕತ್ತರಿಸಬೇಕು.

4.5 ಕತ್ತರಿಸದೆ ತೂಗುವ ಕ್ರಮದಿಂದ ಸರಿಪಡಿಸುವುದು

ತೀರಿಹೋದ ತಾಯಿಯ ಸೀರೆ, ಮಗುವಿನ ಮೊದಲ ಅಂಗಿ ಮುಂತಾದವುಗಳಿಂದ ಹೊಲಿದ ಕೌದಿಗೆ ಕತ್ತರಿ ಹಾಕಲು ಯಾರಿಗೂ ಮನಸ್ಸಾಗುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಅಂತಹ ಕೌದಿಗೆ ಎರಡು ದಾರಿಗಳಿವೆ.

ಮೊದಲನೆಯದು, ಕೋಲು ತೂರಿಸುವ ಪಟ್ಟಿಯನ್ನು ಮಟ್ಟವಾಗಿ ಹೊಲಿಯುವುದು. ಕೌದಿಯ ಹಿಂಬದಿಯಲ್ಲಿ ಮೂರು ನಾಲ್ಕು ಅಂಗುಲ ಅಗಲದ ಬಟ್ಟೆಯ ಕೊಳವೆಯನ್ನು, ಎಡಬಲ ಅಂಚಿನಿಂದ ಒಂದೊಂದು ಅಂಗುಲ ಬಿಟ್ಟು, ಮೇಲಂಚಿನ ಓರೆಯನ್ನು ಅನುಸರಿಸದೆ ನಡುವಿನ ವಿನ್ಯಾಸಕ್ಕೆ ಸಮಾನಾಂತರವಾಗಿ ಹೊಲಿಯಬೇಕು. ಹೊಲಿಗೆ ಮುಂಭಾಗಕ್ಕೆ ಕಾಣಬಾರದು. ದುಂಡನೆಯ ಬಿದಿರಿಗಿಂತ ಚಪ್ಪಟೆ ಮರದ ಪಟ್ಟಿ ಉತ್ತಮ. ಅದು ಬಾಗುವುದೂ ಇಲ್ಲ, ಉರುಳುವುದೂ ಇಲ್ಲ. ಹಸಿ ಮರದಿಂದ ಬಟ್ಟೆಗೆ ಕಲೆಯಾಗುವುದರಿಂದ ಬಣ್ಣ ಹಚ್ಚಿ ಒಣಗಿಸಿದ ಪಟ್ಟಿಯನ್ನು ಬಳಸಬೇಕು. ಕೆಳಭಾಗದಲ್ಲಿಯೂ ಇಂತಹುದೇ ತೆಳು ಪಟ್ಟಿ ಹಾಕಿದಲ್ಲಿ ಅದರ ಭಾರಕ್ಕೆ ಸಣ್ಣ ಅಲೆಗಳು ನಿಲ್ಲುತ್ತವೆ.

ಎರಡನೆಯದು, ಕೌದಿಯನ್ನು ಹಿನ್ನೆಲೆ ಬಟ್ಟೆಯ ಮೇಲೆ ಕೂರಿಸುವುದು. ಸುತ್ತಲೂ ಎರಡು ಅಂಗುಲ ದೊಡ್ಡದಾದ, ಮೂಲೆಮಟ್ಟವಿರುವ ಒಂದೇ ಬಣ್ಣದ ದಪ್ಪ ಬಟ್ಟೆಯ ಮೇಲೆ ಕೌದಿಯನ್ನು ಇಟ್ಟು ಸುತ್ತ ಕೈಹೊಲಿಗೆ ಹಾಕಬೇಕು. ನೋಡುವವರ ಕಣ್ಣು ಹೊರಗಿನ ಆಯತವನ್ನು ಹಿಡಿಯುತ್ತದೆ; ಒಳಗಿನ ಕೌದಿಯ ಓರೆಯು ಕೈಕೆಲಸದ ಗುರುತಾಗಿ ಉಳಿಯುತ್ತದೆ.

5. ಸರಿಪಡಿಸಬಾರದ ಸಂದರ್ಭ

ಸಿದ್ದಿ ಮಹಿಳೆಯರ ಕವಂದಿಯನ್ನು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಮುಖವಾಗಿ ಹೊಲಿಯಲಾಗುತ್ತದೆ. ತುಂಡುಗಳನ್ನು ಆಗಿಂದಾಗಲೇ ಆರಿಸಿ ಜೋಡಿಸುವುದರಿಂದ ಒಂದರಂತೆ ಮತ್ತೊಂದು ಇರುವುದಿಲ್ಲ. ನಾಲ್ಕೂ ಮೂಲೆಗಳಲ್ಲಿ ಫೂಲ ಎಂದು ಕರೆಯುವ ಮಡಚಿದ ಸಣ್ಣ ತ್ರಿಕೋನಗಳನ್ನು ಹಚ್ಚಿದಾಗಲೇ ಕವಂದಿ ಪೂರ್ಣವಾಯಿತೆಂದು ಭಾವಿಸಲಾಗುತ್ತದೆ. ಮೂಲೆಮಟ್ಟಕ್ಕಾಗಿ ಅಂಚು ಕತ್ತರಿಸಲು ಹೋದಲ್ಲಿ ಈ ಫೂಲಗಳೇ ಕತ್ತರಿಗೆ ಸಿಗುತ್ತವೆ. ಕವಂದಿಯ ಅಂಚು ಕೈಯ ನಡೆಯನ್ನು ತೋರಿಸುವಂತಹುದು. ಅದನ್ನು ಕೊಳ್ಳುವವರೂ ಅದಕ್ಕಾಗಿಯೇ ಕೊಳ್ಳುತ್ತಾರೆ. ಆದ್ದರಿಂದ ಕವಂದಿಯನ್ನು 4.5ರಲ್ಲಿ ತಿಳಿಸಿದಂತೆ ಮಟ್ಟವಾಗಿ ತೂಗುಹಾಕಿದರೆ ಸಾಕು.

ಕೌದಿಗೂ ಈ ವಿವೇಚನೆ ಅನ್ವಯಿಸುತ್ತದೆ. ಕೈಹೊಲಿಗೆಯ ಸಾಲಿನಲ್ಲಿ ಸ್ವಲ್ಪ ಏರಿಳಿತವಿರುವುದು ದೋಷವಲ್ಲ. ಗ್ರಾಹಕರು ಇಂತಿಷ್ಟು ಅಳತೆಯೆಂದು ತಿಳಿಸಿ ಮುಂಗಡ ನೀಡಿದ್ದು ಆ ಅಳತೆ ತಪ್ಪಿದ್ದಲ್ಲಿ, ಅಥವಾ ಎರಡು ಕೌದಿಗಳನ್ನು ಜೋಡಿಯಾಗಿ ತೂಗುಹಾಕಬೇಕಿದ್ದು ಒಂದಕ್ಕೊಂದು ಹೊಂದದಿದ್ದಲ್ಲಿ ಅದು ದೋಷ.

6. ದುರಸ್ತಿ ಲಾಭದಾಯಕವೇ: ಒಂದು ಲೆಕ್ಕ

ಮನೆಯಲ್ಲಿ ಕುಳಿತು ಮಾಡಿದ ಕೆಲಸಕ್ಕೆ ಕೂಲಿ ಲೆಕ್ಕ ಹಾಕದಿರುವುದರಿಂದ ಬಹಳಷ್ಟು ಮಹಿಳೆಯರು ನಷ್ಟಕ್ಕೆ ಮಾರಾಟ ಮಾಡುತ್ತಿರುವುದು ತಿಳಿಯುವುದೇ ಇಲ್ಲ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ತಮ್ಮ ಅಂಕಿಗಳನ್ನು ಇದೇ ಕ್ರಮದಲ್ಲಿ ಬರೆದುಕೊಳ್ಳಬಹುದು.

- ಹೊಲಿಗೆ: 60 ಗಂಟೆ, ಗಂಟೆಗೆ ರೂ. 60ರಂತೆ ರೂ. 3,600
- ಬಟ್ಟೆ, ದಾರ ಇತ್ಯಾದಿ: ರೂ. 400
- ಒಟ್ಟು ವೆಚ್ಚ: ರೂ. 4,000
- ನಿಗದಿಪಡಿಸಿದ ಬೆಲೆ: ರೂ. 5,000

ಸೊಟ್ಟಗಿರುವ ಕಾರಣಕ್ಕೆ ಕೊಳ್ಳುವವರು ರೂ. 3,500 ಮಾತ್ರ ಕೊಡುವುದಾಗಿ ಹೇಳಿದಲ್ಲಿ ರೂ. 500 ನಷ್ಟ. ದುರಸ್ತಿಗೆ 7 ಗಂಟೆಯ ಕೂಲಿ ರೂ. 420 ಹಾಗೂ ಪಟ್ಟಿ, ಗುಂಡುಸೂಜಿಗೆ ರೂ. 130 ಸೇರಿ ರೂ. 550 ತಗುಲಿದಲ್ಲಿ ಒಟ್ಟು ವೆಚ್ಚ ರೂ. 4,550 ಆಗುತ್ತದೆ, ಪೂರ್ಣ ಬೆಲೆಗೆ ಮಾರಿದಾಗ ರೂ. 450 ಉಳಿಯುತ್ತದೆ. ಆದರೆ ಕೊಳ್ಳುವವರು ಕೇವಲ ರೂ. 300 ಇಳಿಸುವಂತೆ ಕೇಳಿದಲ್ಲಿ, ದುರಸ್ತಿ ಮಾಡದೆ ರೂ. 4,700ಕ್ಕೆ ಕೊಟ್ಟರೆ ರೂ. 700 ಉಳಿಯುತ್ತದೆ. ಅಂದರೆ ಕೇಳಿದ ಕಡಿತವು ದುರಸ್ತಿಯ ವೆಚ್ಚಕ್ಕಿಂತ ಹೆಚ್ಚಿದ್ದಲ್ಲಿ ಮಾತ್ರ ದುರಸ್ತಿ ಲಾಭದಾಯಕ. ಓರೆ ಇರುವ ವಸ್ತುವನ್ನು ಹಾಗೆಯೇ ಮಾರುವಾಗ ಅದನ್ನು ಮುಚ್ಚಿಡದೆ ಮೊದಲೇ ತಿಳಿಸಬೇಕು. ಹಾಗೆ ತಿಳಿಸಿದವರಲ್ಲಿಗೆ ಗ್ರಾಹಕರು ಮತ್ತೆ ಬರುತ್ತಾರೆ.

7. ಮುಂದಿನ ಕೌದಿಯಲ್ಲಿ ವಹಿಸಬೇಕಾದ ಎಚ್ಚರಿಕೆ

(1) ಹೊಸ ಬಟ್ಟೆಯನ್ನು ಒಗೆದು ಒಣಗಿಸಿ ಇಸ್ತ್ರಿ ಮಾಡಿದ ನಂತರವೇ ಕತ್ತರಿಸಬೇಕು.
(2) ಓರೆ ಎಳೆಯ ತುಂಡುಗಳು ಹೊರ ಅಂಚಿಗೆ ಬಾರದಂತೆ ಜೋಡಿಸಬೇಕು.
(3) ಪದರಗಳನ್ನು ಹರಡಿದ ಕೂಡಲೇ ನಡುವಿನಿಂದ ಹೊರಕ್ಕೆ ಕಚ್ಚಾ ಹೊಲಿಗೆ ಹಾಕಿ ಬಂಧಿಸಬೇಕು.
(4) ಸಾಲುಗಳನ್ನು ಒಂದು ಬಾರಿ ಎಡದಿಂದ, ಒಂದು ಬಾರಿ ಬಲದಿಂದ ಹೊಲಿಯಬೇಕು.
(5) ಸಂಘದಲ್ಲಿ ಹೊಲಿಯುವಾಗ ದಿನಕ್ಕೊಮ್ಮೆ ಕುಳಿತುಕೊಳ್ಳುವ ಬದಿಯನ್ನು ಬದಲಿಸಿಕೊಂಡಲ್ಲಿ ಬಿಗಿ, ಸಡಿಲಗಳು ಒಂದೇ ಕಡೆ ಸೇರುವುದಿಲ್ಲ.
(6) ಅಂಚುಪಟ್ಟಿ ಹಚ್ಚುವ ಮೊದಲು ಎಂಟೂ ಅಳತೆಗಳನ್ನು ತೆಗೆದುಕೊಳ್ಳಬೇಕು. ಪಟ್ಟಿ ಹಚ್ಚುವ ಮುನ್ನ ಸರಿಪಡಿಸುವುದು ಹಚ್ಚಿದ ನಂತರ ಸರಿಪಡಿಸುವುದಕ್ಕಿಂತ ಸುಲಭ.

8. ಅರ್ಜಿದಾರರ ಗಮನಕ್ಕೆ

8.1 ಛಾಯಾಚಿತ್ರ: ಅರ್ಜಿಯೊಂದಿಗೆ ಅಥವಾ ಗ್ರಾಹಕರಿಗೆ ಕಳುಹಿಸುವ ಛಾಯಾಚಿತ್ರದಲ್ಲಿ ಮೂಲೆಮಟ್ಟವಿರುವ ಕೌದಿಯೂ ಸೊಟ್ಟಗೆ ಕಾಣಬಹುದು. ಮೊಬೈಲನ್ನು ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಹಿಡಿದಾಗ ಕೌದಿಯ ಮೇಲ್ಭಾಗ ಕಿರಿದಾಗಿ ಕಾಣುತ್ತದೆ. ಕೌದಿಯ ನಡುಭಾಗದ ಎತ್ತರಕ್ಕೆ ಮೊಬೈಲನ್ನು ಹಿಡಿದು, ಗೋಡೆಗೆ ಸಮಾನಾಂತರವಾಗಿಟ್ಟು, ಎದುರಿನಿಂದ ಹಗಲು ಬೆಳಕಿನಲ್ಲಿ ತೆಗೆಯಬೇಕು. ಹಿಂಬದಿಯ ಹೊಲಿಗೆ ಕಾಣುವ ಮತ್ತೊಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳುವುದು ಉತ್ತಮ. ಕೈಕೆಲಸವೆಂಬುದಕ್ಕೆ ಅದೇ ಸಾಕ್ಷಿ.

8.2 ಗುರುತಿನ ಚೀಟಿ: ಕರಕುಶಲಕರ್ಮಿಗಳಿಗೆ ಪೆಹಚಾನ್ ಗುರುತಿನ ಚೀಟಿಯನ್ನು ಕೇಂದ್ರ ಜವಳಿ ಸಚಿವಾಲಯದ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯು ನೀಡುತ್ತದೆ. ಅರ್ಜಿ ತುಂಬಿಕೊಡುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು.

8.3 ಪಿ.ಎಂ. ವಿಶ್ವಕರ್ಮ ಯೋಜನೆ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕಸುಬು ಸೇರಿದೆ. ಕೌದಿ ಹೊಲಿಗೆ ಪ್ರತ್ಯೇಕ ಕಸುಬಾಗಿ ಪಟ್ಟಿಯಲ್ಲಿಲ್ಲ. ಆದುದರಿಂದ ದರ್ಜಿ ಕೆಲಸವನ್ನೂ ನಿರ್ವಹಿಸುತ್ತಿರುವವರು ಮಾತ್ರ ಆ ಕಸುಬಿನಡಿ ಅರ್ಜಿ ಸಲ್ಲಿಸುವ ಬಗ್ಗೆ, ಹಾಗೂ ಅರ್ಜಿ ಸ್ವೀಕಾರ ಚಾಲ್ತಿಯಲ್ಲಿದೆಯೇ ಎಂಬ ಬಗ್ಗೆ ಸಮೀಪದ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಬಹುದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿಸಿ ಇಸ್ತ್ರಿಯಿಂದಲೇ ಎಳೆದು ಸರಿಪಡಿಸಬಹುದೇ?
ಉತ್ತರ: ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಎಳೆದಲ್ಲಿ ಬಟ್ಟೆ ಮತ್ತಷ್ಟು ಓರೆಯಾಗುತ್ತದೆ. ಎತ್ತಿ ಒತ್ತುವುದು ಮಾತ್ರ ಸರಿ. ಪಾಲಿಯೆಸ್ಟರ್ ತುಂಡುಗಳಿದ್ದಲ್ಲಿ ಹೆಚ್ಚು ಬಿಸಿಗೆ ಕರಗುವ ಅಪಾಯವಿದೆ.

ಪ್ರಶ್ನೆ: ಕನ್ನಡಿ ತುಂಡು, ಕವಡೆ ಹಚ್ಚಿದ ಕೌದಿಯನ್ನು ನೆನೆಸಬಹುದೇ?
ಉತ್ತರ: ನೆನೆಸಬಾರದು. ಅಂತಹ ಕೌದಿಗೆ ತೂಗುವ ಕ್ರಮದಿಂದ ಸರಿಪಡಿಸುವ ವಿಧಾನವೇ ಸೂಕ್ತ.

ಪ್ರಶ್ನೆ: ಕೌದಿ ಮಟ್ಟದಲ್ಲಿದೆ, ಆದರೂ ಗೋಡೆಯ ಮೇಲೆ ಓರೆ ಕಾಣುತ್ತದೆ. ಏಕೆ?
ಉತ್ತರ: ಹಳೆಯ ಮನೆಗಳಲ್ಲಿ ಗೋಡೆ, ಬಾಗಿಲ ಚೌಕಟ್ಟುಗಳೇ ಮಟ್ಟ ತಪ್ಪಿರಬಹುದು. ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ನೋಡಿದಲ್ಲಿ ತಿಳಿಯುತ್ತದೆ. ಆಗ ಕೌದಿಯನ್ನು ಚೌಕಟ್ಟಿನಿಂದ ದೂರ ತೂಗುಹಾಕಬೇಕು.

ಪ್ರಶ್ನೆ: ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವುದು ಯಾವಾಗ ಅನಿವಾರ್ಯ?
ಉತ್ತರ: ಒಳಪದರವು ಮಡಚಿಕೊಂಡು ಗಂಟಾಗಿದ್ದಲ್ಲಿ ಮಾತ್ರ, ಆಗಲೂ ಆ ಭಾಗದ ಸಾಲುಗಳನ್ನಷ್ಟೇ ಬಿಚ್ಚಿದರೆ ಸಾಕಾಗುತ್ತದೆ.

ಕೌದಿ ಹೊಲಿಯುವವರು ವಾರಗಟ್ಟಲೆ ಕುಳಿತು ಹಾಕಿದ ಸಾವಿರಾರು ಹೊಲಿಗೆಗಳು ಒಂದು ಅಂಗುಲದ ಓರೆಯ ಕಾರಣದಿಂದ ಬೆಲೆಯಿಲ್ಲದಂತಾಗಬಾರದು. ಆದ್ದರಿಂದ ಸೊಟ್ಟಗಾದ ಕೌದಿಯನ್ನು ಬಿಚ್ಚುವ ಅಥವಾ ಅರ್ಧ ಬೆಲೆಗೆ ಕೊಡುವ ಮೊದಲು ನೆಲದ ಮೇಲೆ ಹರಡಿ ಎಂಟು ಅಳತೆಗಳನ್ನು ತೆಗೆದುಕೊಂಡು, ಮೇಲ್ಕಂಡ ವಿಧಾನಗಳಲ್ಲಿ ಸೂಕ್ತವಾದುದನ್ನು ಅನುಸರಿಸಲು ಕುಶಲಕರ್ಮಿಗಳನ್ನು ಕೋರಲಾಗಿದೆ.